ಮನೆಯ ಆಡಿಯೋ ಉಪಕರಣಗಳಿಗೆ ಒಳ್ಳೆಯ ಪವರ್ ಸಪ್ಲೈ ಕಟ್ಟಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಒಂದೇ ಸಪ್ಲೈಯನ್ನು ಮುಂದಿಟ್ಟುಕೊಂಡು ಬರೆದವು. ಅದು ಮನೆಯ 230 ವೋಲ್ಟ್ ಕರೆಂಟಿನಿಂದ 12 ವೋಲ್ಟ್ ಡಿಸಿಯನ್ನು ಅರ್ಧ ಆಂಪಿಯರ್‌ವರೆಗೆ ಕೊಡುವ ಲೀನಿಯರ್ ಸಪ್ಲೈ (ಟ್ರಾನ್ಸ್‌ಫಾರ್ಮರ್‌ನಿಂದ ವೋಲ್ಟೇಜ್ ಇಳಿಸಿ, ಸಮನಾಗಿಸಿ ಕೊಡುವಂಥದ್ದು). ಟರ್ನ್‌ಟೇಬಲ್‌ನ ಫೋನೋ ಪ್ರಿ-ಆಂಪ್ (ಸೂಜಿಯ ಸಣ್ಣ ಸಿಗ್ನಲ್ಲನ್ನು ಮೊದಲು ವರ್ಧಿಸುವ ಪೆಟ್ಟಿಗೆ), ಸಣ್ಣ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಮಾಡುವ ಉಪಕರಣ), ಹೆಡ್‌ಫೋನ್ ಆಂಪ್ಲಿಫೈಯರ್ ಮೊದಲಾದ, ಅಡಾಪ್ಟರ್ ಚುಚ್ಚಿ ನಡೆಸುವ ಉಪಕರಣಗಳಿಗೆ ಇಷ್ಟು ಸಾಕು. ಬೇರೆ ವೋಲ್ಟೇಜ್ ಬೇಕಾದವರು ಇದೇ ಲೆಕ್ಕಗಳಲ್ಲಿ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಪವರ್ ಸಪ್ಲೈಗೂ ಕೇಳುವ ಸಂಗೀತಕ್ಕೂ ಏನು ಸಂಬಂಧ?

ಆಂಪ್ಲಿಫೈಯರ್ ಹಾಡನ್ನು ದೊಡ್ಡದು ಮಾಡುತ್ತದೆ ಎಂದು ನಾವು ಹೇಳುತ್ತೇವಾದರೂ, ಸ್ಪೀಕರ್‌ಗೆ ಅಥವಾ ಹೆಡ್‌ಫೋನ್‌ಗೆ ಹೋಗುವ ಕರೆಂಟ್ ಹಾಡಿನಿಂದ ಬಂದದ್ದಲ್ಲ, ಪವರ್ ಸಪ್ಲೈಯಿಂದ ಬಂದದ್ದು. ಒಳಗೆ ಬಂದ ಸಣ್ಣ ಸಿಗ್ನಲ್, ನೀರಿನ ನಲ್ಲಿಯನ್ನು ತಿರುಗಿಸುವ ಕೈಯಷ್ಟೇ. ಹರಿಯುವ ನೀರು ಸಪ್ಲೈಯದು. ಆ ನೀರಿನಲ್ಲಿ ಏನು ಬೆರೆತಿದೆಯೋ ಅದರ ಒಂದು ಪಾಲು ಕೇಳುವವರ ಕಿವಿಗೂ ತಲುಪುತ್ತದೆ. ಎಷ್ಟು ಪಾಲು ಎಂಬುದು ಉಪಕರಣದ ಒಳಗಿನ ಸರ್ಕ್ಯೂಟ್ ಸಪ್ಲೈ ಗದ್ದಲವನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ಚೆನ್ನಾಗಿ ತಡೆಯುವ ಉಪಕರಣಕ್ಕೆ ಹೊಸ ಸಪ್ಲೈ ಕೊಟ್ಟರೂ ವ್ಯತ್ಯಾಸ ಕೇಳಿಸದೆ ಹೋಗಬಹುದು. ಹಾಗಾಗಿ ಬೆಸುಗೆ ಕಡ್ಡಿ ಬಿಸಿ ಮಾಡುವ ಮೊದಲು ಮುಂದಿನ ಪ್ರಶ್ನೆಯ ಪರೀಕ್ಷೆಯನ್ನು ಮಾಡಿಕೊಳ್ಳಿ ಎಂಬುದು ನನ್ನ ಒತ್ತಾಯದ ಮಾತು.

ನನಗೆ ಕೇಳಿಸುತ್ತಿರುವ ಗುಂಯ್ ಶಬ್ದ ಸಪ್ಲೈಯಿಂದಲೇ ಬರುತ್ತಿದೆ ಎಂದು ತಿಳಿಯುವುದು ಹೇಗೆ?

ಎಲ್ಲಕ್ಕಿಂತ ನೇರವಾದ ಪರೀಕ್ಷೆ ಬ್ಯಾಟರಿಯದು. ಕಂಪ್ಯೂಟರ್ ಯುಪಿಎಸ್‌ನಲ್ಲಿರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನು ತೆಗೆದುಕೊಂಡು, ಅದರ ಪ್ಲಸ್ ತಂತಿಯಲ್ಲಿ 1 ಆಂಪಿಯರ್ ಫ್ಯೂಸ್ ಹಾಕಿ, ಉಪಕರಣವನ್ನು ಅದರಿಂದ ನಡೆಸಿ ನೋಡಿ. ತುಂಬಿದ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12 ವೋಲ್ಟ್ ಅಡಾಪ್ಟರ್‌ನ ಬಹುತೇಕ ಉಪಕರಣಗಳು ಅದನ್ನು ತಡೆದುಕೊಳ್ಳುತ್ತವೆ, ಆದರೂ ಕೈಪಿಡಿಯಲ್ಲಿ ಗರಿಷ್ಠ ಮಿತಿ ನೋಡಿಕೊಳ್ಳಬೇಕು. ಬ್ಯಾಟರಿಯಲ್ಲೂ ಗುಂಯ್ ನಿಲ್ಲದಿದ್ದರೆ ತಪ್ಪು ಬೇರೆಲ್ಲೋ ಇದೆ: ಟರ್ನ್‌ಟೇಬಲ್‌ನ ಅರ್ತ್ ತಂತಿ ಕಳಚಿರಬಹುದು, ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್‌ನ ಹೊರ ಜಾಲರಿ ತುಂಡಾಗಿರಬಹುದು, ಅಥವಾ ಎರಡು ಉಪಕರಣಗಳ ನಡುವೆ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳು ಸೇರಿ ಆದ ಸುತ್ತು) ಇರಬಹುದು. ಬ್ಯಾಟರಿಯಲ್ಲಿ ಮೌನ, ಅಡಾಪ್ಟರ್‌ನಲ್ಲಿ ಗದ್ದಲ ಎಂದಾದರೆ ಕೆಲಸಕ್ಕೆ ಇಳಿಯಬಹುದು.

ಎರಡನೆಯದು ಕಿವಿಯ ಪರೀಕ್ಷೆ. ನಮ್ಮ ಕರೆಂಟ್ 50 ಹರ್ಟ್ಜ್‌ನದು. ರೆಕ್ಟಿಫೈಯರ್, ಅಂದರೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್‌ಗಳಿಂದ ಎಸಿಯನ್ನು ಡಿಸಿ ಮಾಡುವ ಭಾಗ, ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ ಫಿಲ್ಟರ್ ಕೆಪಾಸಿಟರ್ ಮೇಲೆ ಉಳಿಯುವ ಏರಿಳಿತ, ಅಂದರೆ ರಿಪ್ಪಲ್, 100 ಹರ್ಟ್ಜ್ ಆಗಿರುತ್ತದೆ. ದುಂಡಗಿನ, ಮೆತ್ತಗಿನ 50 ಹರ್ಟ್ಜ್ ಗುಂಯ್ ಬಂದರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನೋ ಗ್ರೌಂಡ್ ಲೂಪನ್ನೋ ಅನುಮಾನಿಸಬೇಕು. ದುಂಬಿಯ ಹಾಗೆ ಒರಟಾಗಿ ಜುಂಯ್‌ಗುಡುವ 100 ಹರ್ಟ್ಜ್ ಬಂದರೆ ರಿಪ್ಪಲ್ ಅಥವಾ ತಪ್ಪು ವೈರಿಂಗ್. ತಂಬೂರಿಯ ನಾದಕ್ಕೆ ಕಿವಿ ಪಳಗಿದವರಿಗೆ ಈ ವ್ಯತ್ಯಾಸ ಬೇಗ ಹಿಡಿಯುತ್ತದೆ. ಒಂದೂವರೆ ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು ಹಾಡುವವರ ತಂಬೂರಿಯಲ್ಲಿ ಮಂದ್ರ ಪಂಚಮದ ತಂತಿ ಸುಮಾರು 104 ಹರ್ಟ್ಜ್‌ಗೆ ಕೂಡಿರುತ್ತದೆ. ಸಪ್ಲೈಯ 100 ಹರ್ಟ್ಜ್ ಅದರ ಪಕ್ಕದಲ್ಲೇ ಕುಳಿತು, ಶ್ರುತಿ ಇಳಿದ ಎರಡನೇ ಪಂಚಮದಂತೆ ಸೆಕೆಂಡಿಗೆ ನಾಲ್ಕು ಬಾರಿ ಅಲೆ ಎಬ್ಬಿಸುತ್ತದೆ. ಆಲಾಪದ ನಡುವಿನ ಮೌನದಲ್ಲಿ ಇದನ್ನು ಒಮ್ಮೆ ಗುರುತಿಸಿದ ಮೇಲೆ ಕೇಳದೆ ಇರಲು ಸಾಧ್ಯವಿಲ್ಲ. ನಾನು ಸಪ್ಲೈ ಕಟ್ಟಲು ಹೊರಟದ್ದೇ ಈ ಕಾರಣಕ್ಕೆ.

ಉಪಕರಣದ ಜೊತೆ ಬಂದ ಅಡಾಪ್ಟರ್ ಕೆಟ್ಟದ್ದೇ?

ಎಲ್ಲವೂ ಅಲ್ಲ. ಇಂದಿನ ಅಡಾಪ್ಟರ್‌ಗಳು ಸ್ವಿಚಿಂಗ್ ಮಾದರಿಯವು. ಕಿವಿಗೆ ಕೇಳಿಸದಷ್ಟು ಎತ್ತರದ ಆವರ್ತನದಲ್ಲಿ ಕೆಲಸ ಮಾಡುತ್ತವೆ, ಹಗುರ, ಕಡಿಮೆ ಬಿಸಿ. ಚೆನ್ನಾಗಿ ಮಾಡಿದ ಸ್ವಿಚಿಂಗ್ ಸಪ್ಲೈ, ಕೆಟ್ಟದಾಗಿ ಕಟ್ಟಿದ ಲೀನಿಯರ್ ಸಪ್ಲೈಗಿಂತ ಎಷ್ಟೋ ಮೇಲು. ತೊಂದರೆ ಬರುವುದು ಹೆಚ್ಚಾಗಿ ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ. ರೇಡಿಯೋ ಗದ್ದಲ ತಗ್ಗಿಸಲೆಂದು ಅವುಗಳೊಳಗೆ ಕರೆಂಟ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೀರ ಅಲ್ಪ ಕರೆಂಟ್ ಔಟ್‌ಪುಟ್‌ಗೆ ಸೋರುತ್ತದೆ. ಲೋಹದ ಮೈಯುಳ್ಳ ಉಪಕರಣವನ್ನು ಮುಂಗೈ ಹಿಂಬದಿಯಿಂದ ಸವರಿದಾಗ ಜುಮ್ ಎನ್ನುವ ಅನುಭವ ಬರುವುದು ಇದರಿಂದಲೇ. ಇಂಥ ಎರಡು ಅಡಾಪ್ಟರ್‌ಗಳ ಉಪಕರಣಗಳನ್ನು ಆರ್‌ಸಿಎ ಕೇಬಲ್‌ನಿಂದ ಜೋಡಿಸಿದಾಗ ಆ ಸೋರಿಕೆ ಕೇಬಲ್‌ನ ಜಾಲರಿಯಲ್ಲಿ ಹರಿದು ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈಯಲ್ಲಿ ಈ ಸೋರಿಕೆ ಬಹಳ ಕಡಿಮೆ. ಮನೆಯಲ್ಲಿ ಕಟ್ಟುವ ಸಪ್ಲೈಯ ನಿಜವಾದ ಲಾಭ ನನ್ನ ಅನುಭವದಲ್ಲಿ ಇಲ್ಲಿದೆ.

230 ವೋಲ್ಟ್‌ನ ಕೆಲಸ ನಾನೇ ಮಾಡಬಹುದೇ?

ಮನೆಯ ಕರೆಂಟ್‌ನ ಶಿಖರ ಸುಮಾರು 325 ವೋಲ್ಟ್. ತಪ್ಪಿದರೆ ಎರಡನೇ ಅವಕಾಶ ಕೊಡದ ಅಂಕಿ ಅದು. ಸ್ವಿಚ್ ಬೋರ್ಡ್ ಬಿಚ್ಚಿ ಫೇಸ್, ನ್ಯೂಟ್ರಲ್, ಅರ್ತ್ ಯಾವುದೆಂದು ಖಚಿತವಾಗಿ ಹೇಳಲಾಗದವರು ಈ ಭಾಗವನ್ನು ತಿಳಿದ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ, ಟ್ರಾನ್ಸ್‌ಫಾರ್ಮರ್‌ನ ನಂತರದ ಕೆಲಸವನ್ನು ಮಾತ್ರ ತಾವು ಮಾಡಬೇಕು.

ಮಾಡುವವರು ಇಷ್ಟನ್ನು ಬಿಡಬಾರದು. ಪೆಟ್ಟಿಗೆ ಲೋಹದ್ದಾಗಿರಲಿ, ಮೂರು ಪಿನ್ನಿನ ಸಾಕೆಟ್‌ನಿಂದ ಬಂದ ಹಸಿರು ತಂತಿಯನ್ನು ಪೆಟ್ಟಿಗೆಗೆ, ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿದ ಜಾಗದಲ್ಲಿ, ಹಲ್ಲಿನ ವಾಷರ್ ಸಹಿತ ಅದಕ್ಕೆಂದೇ ಮೀಸಲಾದ ಬೋಲ್ಟಿನಿಂದ ಬಿಗಿಯಬೇಕು. ಫ್ಯೂಸ್ ಮತ್ತು ಸ್ವಿಚ್ ಫೇಸ್ ತಂತಿಯಲ್ಲಿರಬೇಕು. ಈ ಸಪ್ಲೈಗೆ 250 ಮಿಲಿಆಂಪಿಯರ್‌ನ ನಿಧಾನವಾಗಿ ಕರಗುವ ಫ್ಯೂಸ್ ಸರಿ. ಮಾಮೂಲಿ ಫ್ಯೂಸ್ ಹಾಕಿದರೆ ಆನ್ ಮಾಡಿದ ಕ್ಷಣದ ಹೊಡೆತಕ್ಕೇ ಹೋಗಬಹುದು. 230 ವೋಲ್ಟ್‌ನ ಪ್ರತಿಯೊಂದು ಬೆಸುಗೆಯ ಮೇಲೂ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಬೇಕು, ಮತ್ತು ಬೆಸುಗೆ ಬಿಟ್ಟರೂ ತಂತಿ ಜಾರಿ ಬೇರೆಡೆಗೆ ತಾಗದಂತೆ ಕಟ್ಟಿರಬೇಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ಅರ್ತ್ ಇರುವುದಿಲ್ಲ. ಮಲ್ಟಿಮೀಟರ್‌ನಿಂದ ಫೇಸ್ ಮತ್ತು ಅರ್ತ್ ನಡುವೆ ಅಳೆದರೆ ಸುಮಾರು 230, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಮಾತ್ರ ಬರಬೇಕು. ಹಾಗೆ ಬರದಿದ್ದರೆ ಮೊದಲು ಮನೆಯ ಅರ್ತಿಂಗ್ ಸರಿ ಮಾಡಿಸಿ. ಸಾಧ್ಯವಿದ್ದರೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ ಹಾಕಿಸಿ. ಸಂಗೀತ ಅಷ್ಟು ದಿನ ಕಾಯಬಲ್ಲದು.

ಯಾವ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು?

15 ವೋಲ್ಟ್, 2 ಆಂಪಿಯರ್, ಅಂದರೆ 30 ವಿಎಯದು (ವೋಲ್ಟ್ × ಆಂಪಿಯರ್). ಅರ್ಧ ಆಂಪಿಯರ್ ಸಪ್ಲೈಗೆ ಎರಡು ಆಂಪಿಯರ್ ಏಕೆ ಎಂಬ ಪ್ರಶ್ನೆ ಸಹಜ. ಕೆಪಾಸಿಟರ್ ಫಿಲ್ಟರ್ ಇರುವಾಗ ಟ್ರಾನ್ಸ್‌ಫಾರ್ಮರ್‌ನಿಂದ ಕರೆಂಟ್ ಸಮನಾಗಿ ಹರಿಯುವುದಿಲ್ಲ. ಅಲೆಯ ತುದಿಯಲ್ಲಿ ಮಾತ್ರ ಚುಚ್ಚಿದಂತೆ ಹರಿಯುತ್ತದೆ. ಅದರಿಂದ ತಂತಿ ಬಿಸಿಯಾಗುವ ಲೆಕ್ಕಕ್ಕೆ ಡಿಸಿ ಕರೆಂಟಿನ ಸುಮಾರು 1.8 ಪಟ್ಟು ಹಿಡಿಯಬೇಕು. ಅರ್ಧ ಆಂಪಿಯರ್‌ಗೆ 0.9 ಆಂಪಿಯರ್, 15 ವೋಲ್ಟ್‌ಗೆ 13.5 ವಿಎ ಆಯಿತು. ಅದರ ದುಪ್ಪಟ್ಟು ತೆಗೆದುಕೊಂಡರೆ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ, ತಾನೇ ಗುಂಯ್‌ಗುಡುವುದೂ ಕಡಿಮೆ.

ವೋಲ್ಟೇಜ್ ಆಯ್ಕೆಯಲ್ಲಿ ನಮ್ಮ ಊರುಗಳ ಕರೆಂಟನ್ನು ನೆನಪಿಡಬೇಕು. 230 ವೋಲ್ಟ್ ಇರುವಾಗ 15 ವೋಲ್ಟ್‌ನ ಶಿಖರ 21.2, ಎರಡು ಡಯೋಡ್‌ಗಳು ಸುಮಾರು 1.8 ವೋಲ್ಟ್ ತಿಂದ ಮೇಲೆ 19.4 ಉಳಿಯುತ್ತದೆ. ಸಂಜೆ ಪಂಪ್‌ಸೆಟ್‌ಗಳೆಲ್ಲ ಶುರುವಾಗಿ ಕರೆಂಟ್ 190ಕ್ಕೆ ಇಳಿದರೆ ಉಳಿಯುವುದು 15.7 ಮಾತ್ರ. ಅದರಲ್ಲಿ ರಿಪ್ಪಲ್ ಕಳೆದು, ಮುಂದೆ ಹೇಳುವ ಫಿಲ್ಟರ್ ರೆಸಿಸ್ಟರ್‌ನದು ಕಳೆದು ರೆಗ್ಯುಲೇಟರ್‌ಗೆ (ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗಕ್ಕೆ) ಸಿಗುವುದು ಸುಮಾರು 14.5 ವೋಲ್ಟ್, 12 ವೋಲ್ಟ್ ಕೊಡಲು ಅದಕ್ಕೆ ಬೇಕಾದದ್ದು 14. ಗಡಿಯ ಮೇಲೆ ನಿಂತಿದೆ, ಬಿದ್ದಿಲ್ಲ. ಇದಕ್ಕಿಂತ ಕೆಳಗೆ ಇಳಿಯುವ ಊರಿನವರು 18 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಕರೆಂಟ್ 250ಕ್ಕೆ ಏರಿದ ದಿನ ರೆಗ್ಯುಲೇಟರ್ ಆರು–ಏಳು ವ್ಯಾಟ್ ಬಿಸಿಯನ್ನು ಹೊರಹಾಕಬೇಕಾಗುತ್ತದೆ ಎಂಬುದಕ್ಕೂ ಸಿದ್ಧರಿರಬೇಕು.

ಅಂಗಡಿಯಲ್ಲಿ 15-0-15 ಎಂದು ಮೂರು ತಂತಿಯದು ಕೊಟ್ಟರೆ, ನಡುವಿನ ತಂತಿಯನ್ನು ಗ್ರೌಂಡ್ (ಸಪ್ಲೈಯ ಮೈನಸ್ ಬದಿ) ಮಾಡಿ ಎರಡೇ ಡಯೋಡ್ ಬಳಸಿ. ಎರಡು ತುದಿಗಳಿಗೆ ಬ್ರಿಡ್ಜ್ (ನಾಲ್ಕು ಡಯೋಡ್‌ಗಳ ರೆಕ್ಟಿಫೈಯರ್) ಜೋಡಿಸಿದರೆ 30 ವೋಲ್ಟ್ ಆಗಿ, ಕೆಪಾಸಿಟರ್ ಮೇಲೆ 40ಕ್ಕೂ ಹೆಚ್ಚು ಬರುತ್ತದೆ; ಹೊಸಬರ ಕೆಪಾಸಿಟರ್‌ಗಳು ಸಿಡಿಯುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದ.

ಉಂಗುರದಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ನಿಂದ ಕಾಂತಕ್ಷೇತ್ರ ಕಡಿಮೆ ಸೋರುತ್ತದೆ, ಬೆಲೆ ಹೆಚ್ಚು. ಅದನ್ನು ಕೂರಿಸುವ ನಡುವಿನ ಬೋಲ್ಟಿನ ಎರಡೂ ತುದಿಗಳು ಪೆಟ್ಟಿಗೆಗೆ ತಾಗಬಾರದು. ತಾಗಿದರೆ ಬೋಲ್ಟ್ ಮತ್ತು ಪೆಟ್ಟಿಗೆ ಸೇರಿ ಒಂದು ಸುತ್ತಿನ ಶಾರ್ಟ್ ಆದ ಸುರುಳಿಯಾಗಿ, ನೋಡನೋಡುತ್ತಲೇ ಫ್ಯೂಸ್ ಹೋಗುತ್ತದೆ. ಸಾಮಾನ್ಯ ಚೌಕಾಕಾರದ ಟ್ರಾನ್ಸ್‌ಫಾರ್ಮರ್ ಆದರೂ ಚಿಂತೆಯಿಲ್ಲ. ಸಪ್ಲೈಯನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಒಂದು ಮೀಟರ್ ತಂತಿಯಲ್ಲಿ 12 ವೋಲ್ಟನ್ನು ಉಪಕರಣಕ್ಕೆ ಒಯ್ದರೆ ದೂರವೇ ರಕ್ಷಣೆ ಕೊಡುತ್ತದೆ.

ಡಯೋಡ್‌ಗಳಲ್ಲಿ ವಿಶೇಷ ಏನಾದರೂ ಬೇಕೇ?

ಇಲ್ಲ. 3 ಆಂಪಿಯರ್‌ನ 1ಎನ್5408 ನಾಲ್ಕು ಸಾಕು. ಡಯೋಡ್ ಆಫ್ ಆಗುವ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರ್ ಸುರುಳಿ ಗಂಟೆ ಬಾರಿಸಿದಂತೆ ಮಿಡಿಯುವುದುಂಟು. ಸೆಕೆಂಡರಿಯ, ಅಂದರೆ 15 ವೋಲ್ಟ್ ಬದಿಯ ಸುರುಳಿಯ, ಎರಡು ತುದಿಗಳ ನಡುವೆ ಒಂದು 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್‌ಗೆ 100 ಓಮ್ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ ಹಾಕಿದರೆ ಅದು ಅಡಗುತ್ತದೆ.

ದೊಡ್ಡ ಕೆಪಾಸಿಟರ್ ಹಾಕಿದಷ್ಟೂ ಒಳ್ಳೆಯದಲ್ಲವೇ?

ಒಂದು ಹಂತದವರೆಗೆ ಮಾತ್ರ. ಲೆಕ್ಕ ಸುಲಭ: ಕರೆಂಟನ್ನು 100ರಿಂದಲೂ ಕೆಪಾಸಿಟರ್‌ನ ಫ್ಯಾರಡ್ ಮೌಲ್ಯದಿಂದಲೂ ಭಾಗಿಸಿದರೆ ರಿಪ್ಪಲ್ ಸಿಗುತ್ತದೆ. ಅರ್ಧ ಆಂಪಿಯರ್‌ಗೆ 4700 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 1.06 ವೋಲ್ಟ್. ಇದನ್ನು 22,000ಕ್ಕೆ ಏರಿಸಿದರೆ ರಿಪ್ಪಲ್ ಇಳಿಯುತ್ತದೆ ನಿಜ, ಆದರೆ ಡಯೋಡ್ ತೆರೆದಿರುವ ಸಮಯ ಕಿರಿದಾಗಿ, ಆ ಸಮಯದಲ್ಲೇ ಎಲ್ಲ ಕರೆಂಟ್ ನುಗ್ಗಬೇಕಾಗಿ, ಚುಚ್ಚು ಇನ್ನೂ ಚೂಪಾಗುತ್ತದೆ. ಆ ಚೂಪೇ ಟ್ರಾನ್ಸ್‌ಫಾರ್ಮರನ್ನು ಗುಂಯ್‌ಗುಡಿಸುವುದು, ತಂತಿಗಳಲ್ಲಿ ಗದ್ದಲ ಎಬ್ಬಿಸುವುದು.

ಅದಕ್ಕಿಂತ ಒಳ್ಳೆಯ ದಾರಿ, ಒಂದೇ ದೊಡ್ಡದರ ಬದಲು 4700ರ ಎರಡು ಕೆಪಾಸಿಟರ್ ಹಾಕಿ, ನಡುವೆ 1 ಓಮ್, 2 ವ್ಯಾಟ್ ರೆಸಿಸ್ಟರ್ ಇಡುವುದು. 100 ಹರ್ಟ್ಜ್‌ನಲ್ಲಿ ಎರಡನೇ ಕೆಪಾಸಿಟರ್‌ನ ತಡೆ ಮೂರನೇ ಒಂದು ಓಮ್‌ನಷ್ಟು. ಹೀಗಾಗಿ ರಿಪ್ಪಲ್ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎತ್ತರದ ಆವರ್ತನದ ಒರಟುತನವಂತೂ ಇನ್ನೂ ಹೆಚ್ಚು ಸವೆಯುತ್ತದೆ. ಕೊಡಬೇಕಾದ ಬೆಲೆ ಅರ್ಧ ವೋಲ್ಟ್. ಐದು ರೂಪಾಯಿಯ ರೆಸಿಸ್ಟರ್ ಮಾಡುವ ಈ ಕೆಲಸವನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕೆಪಾಸಿಟರ್ 35 ವೋಲ್ಟ್‌ನದೇ ಇರಲಿ. 19 ವೋಲ್ಟ್ ತಾನೇ, 25 ಸಾಕೆಂದುಕೊಳ್ಳಬೇಡಿ: ಲೋಡ್, ಅಂದರೆ ಕರೆಂಟ್ ಎಳೆಯುವ ಉಪಕರಣ, ಇಲ್ಲದಾಗ ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳು ಶೇಕಡ ಹತ್ತರಷ್ಟು ಹೆಚ್ಚು ಕೊಡುತ್ತವೆ, ಮೇಲೆ ಕರೆಂಟ್ 250 ಆದರೆ ಶಿಖರ 25ನ್ನು ದಾಟುತ್ತದೆ. 105 ಡಿಗ್ರಿಯ ಗುರುತಿರುವುದನ್ನು ಆರಿಸಿ. ಹತ್ತು ಡಿಗ್ರಿ ತಣ್ಣಗಿಟ್ಟಷ್ಟಕ್ಕೂ ಇವುಗಳ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ. ಎರಡನೆಯ ಕೆಪಾಸಿಟರ್‌ಗೆ ಅಡ್ಡವಾಗಿ 2.2 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಆಫ್ ಮಾಡಿದ ಒಂದು ನಿಮಿಷದಲ್ಲಿ ತುಂಬಿದ ಚಾರ್ಜ್ ಬಹುಪಾಲು ಇಳಿದುಹೋಗುತ್ತದೆ.

ರೆಗ್ಯುಲೇಟರ್ ಯಾವುದು? 7812 ಸಾಲದೇ?

7812 ಎಂಬುದು ಸದಾ 12 ವೋಲ್ಟ್ ಕೊಡುವ ರೆಗ್ಯುಲೇಟರ್, ಅದರಿಂದಲೂ ಕೆಲಸ ನಡೆಯುತ್ತದೆ. ಆದರೆ ಅದೇ ಖರ್ಚಿನಲ್ಲಿ ಎಲ್‌ಎಂ317 ಹೆಚ್ಚು ಕೊಡುತ್ತದೆ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದಾಗ ರಾಬರ್ಟ್ ಡಾಬ್ಕಿನ್ 1976ರಲ್ಲಿ ರೂಪಿಸಿದ ಈ ಮೂರು ಕಾಲಿನ ಬಿಡಿಭಾಗ ಇಂದಿಗೂ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ತನ್ನ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಸದಾ 1.25 ವೋಲ್ಟ್ ಇರುವಂತೆ ನೋಡಿಕೊಳ್ಳುವುದಷ್ಟೇ ಇದರ ಕೆಲಸ; ಉಳಿದದ್ದನ್ನು ಎರಡು ರೆಸಿಸ್ಟರ್‌ಗಳು ನಿರ್ಧರಿಸುತ್ತವೆ. ಔಟ್‌ಪುಟ್‌ನಿಂದ ಅಡ್ಜಸ್ಟ್‌ಗೆ 120 ಓಮ್, ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್ ಮತ್ತು 33 ಓಮ್ ಸರಣಿಯಲ್ಲಿ ಹಾಕಿದರೆ 12.06 ವೋಲ್ಟ್ ಬರುತ್ತದೆ. ಹಲವು ಚಿತ್ರಗಳಲ್ಲಿ 120ರ ಬದಲು 240 ಓಮ್ ಕಾಣುತ್ತದೆ. ಲೋಡ್ ಇಲ್ಲದಾಗಲೂ ಎಲ್‌ಎಂ317ಗೆ 10 ಮಿಲಿಆಂಪಿಯರ್‌ವರೆಗೆ ಕರೆಂಟ್ ಹರಿಯಬೇಕಾಗುವುದರಿಂದ 120 ಓಮ್ ನಿಶ್ಚಿಂತೆಯ ಆಯ್ಕೆ.

ಇದರ ಗುಟ್ಟಿರುವುದು ಅಡ್ಜಸ್ಟ್ ಕಾಲಿನಿಂದ ಗ್ರೌಂಡ್‌ಗೆ ಹಾಕುವ 10 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ. ಅದಿಲ್ಲದೆ ರಿಪ್ಪಲ್ ತಡೆಯುವ ಶಕ್ತಿ ಸುಮಾರು 65 ಡೆಸಿಬೆಲ್, ಅದಿದ್ದರೆ ಸುಮಾರು 80. ಅಂದರೆ ಉಳಿದ ರಿಪ್ಪಲ್ ಐದರಲ್ಲಿ ಒಂದು ಭಾಗಕ್ಕೂ ಕಡಿಮೆಯಾಗುತ್ತದೆ. ರೆಗ್ಯುಲೇಟರ್‌ನದೇ ಆದ ಸುಯ್ಯೆಂಬ ಗದ್ದಲವೂ ತಗ್ಗುತ್ತದೆ. ಈ ಕೆಪಾಸಿಟರ್ ಹಾಕಿದ ಮೇಲೆ ರಕ್ಷಣೆಗೆ ಎರಡು ಡಯೋಡ್ ಕಡ್ಡಾಯ: ಒಂದು ಅಡ್ಜಸ್ಟ್‌ನಿಂದ ಔಟ್‌ಪುಟ್‌ಗೆ, ಇನ್ನೊಂದು ಔಟ್‌ಪುಟ್‌ನಿಂದ ಇನ್‌ಪುಟ್‌ಗೆ, ಎರಡರ ಪಟ್ಟಿಯೂ ಹೆಚ್ಚು ವೋಲ್ಟೇಜ್ ಇರುವ ಕಡೆಗೆ. 1ಎನ್4007 ಆಗುತ್ತದೆ. ಔಟ್‌ಪುಟ್‌ನಲ್ಲಿ 100 ಮೈಕ್ರೋಫ್ಯಾರಡ್‌ನ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಇರಲಿ.

ಹೀಟ್ ಸಿಂಕ್ ಎಷ್ಟು ದೊಡ್ಡದು ಬೇಕು?

230 ವೋಲ್ಟ್ ಇರುವಾಗ ರೆಗ್ಯುಲೇಟರ್ ಸುಮಾರು 3.2 ವ್ಯಾಟ್, 250 ಆದಾಗ 4.1 ವ್ಯಾಟ್ ಬಿಸಿ ಮಾಡುತ್ತದೆ. ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಹೀಟ್ ಸಿಂಕ್ ಇಲ್ಲದಿದ್ದರೆ ಪ್ರತಿ ವ್ಯಾಟ್‌ಗೆ ಸುಮಾರು 50 ಡಿಗ್ರಿ ಏರುವುದರಿಂದ ಅದು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಪ್ರತಿ ವ್ಯಾಟ್‌ಗೆ 8 ಡಿಗ್ರಿಯ ಹೀಟ್ ಸಿಂಕ್ ಹಾಕಿ, ಅಭ್ರಕದ ಹಾಳೆ ಮತ್ತು ಒಳಗಿನ ತಡೆಗಳನ್ನು ಸೇರಿಸಿದರೆ ಒಟ್ಟು 14 ಡಿಗ್ರಿ ಎಂದು ಹಿಡಿಯಬಹುದು. ಬೇಸಿಗೆಯಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಪೆಟ್ಟಿಗೆಯೊಳಗೆ 50 ಡಿಗ್ರಿ ಇದ್ದರೂ 107ಕ್ಕೆ ನಿಲ್ಲುತ್ತದೆ. 125ರ ಮಿತಿಯೊಳಗೇ ಇದೆ. ಎಲ್‌ಎಂ317ನ ಬೆನ್ನಿನ ಲೋಹ ಔಟ್‌ಪುಟ್‌ಗೆ ಸೇರಿದ್ದು, 7812ರದು ಗ್ರೌಂಡ್‌ಗೆ. ಒಂದನ್ನು ತೆಗೆದು ಇನ್ನೊಂದನ್ನು ಹಾಕುವವರು ಅಭ್ರಕವನ್ನೂ ಬೋಲ್ಟಿನ ಪ್ಲಾಸ್ಟಿಕ್ ತೊಡಿಕೆಯನ್ನೂ ಮರೆತರೆ 12 ವೋಲ್ಟ್ ನೇರವಾಗಿ ಪೆಟ್ಟಿಗೆಗೆ ಶಾರ್ಟ್ ಆಗುತ್ತದೆ.

ಎಲ್ಲವನ್ನೂ ಸರಿಯಾಗಿ ಹಾಕಿದ್ದೇನೆ, ಆದರೂ ಜುಂಯ್ ಶಬ್ದ ಹೋಗಿಲ್ಲ. ಏಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಗ್ರೌಂಡ್ ತಂತಿ ಎಲ್ಲಿಂದ ಹೊರಟಿದೆ ಎಂದು ನೋಡಿ.

ನನ್ನ ಮೊದಲ ಸಪ್ಲೈಯಲ್ಲಿ ಇದೇ ಆಯಿತು. ಕೆಪಾಸಿಟರ್ ಬದಲಿಸಿದೆ, ರೆಗ್ಯುಲೇಟರ್ ಬದಲಿಸಿದೆ, ಟ್ರಾನ್ಸ್‌ಫಾರ್ಮರನ್ನು ಇನ್ನೊಂದು ಮೂಲೆಗೆ ಸರಿಸಿದೆ. ಎರಡು ಭಾನುವಾರ ಹೋದವು. ಧ್ವನಿಮುದ್ರಿಕೆಯ ಮೇಲೆ ಸೂಜಿ ಇಳಿಸುವ ಮೊದಲೇ ಜುಂಯ್. ಕೊನೆಗೆ ಬೋರ್ಡನ್ನು ಮಗುಚಿ ತಂತಿಯೊಂದರ ಜಾಡು ಹಿಡಿದು ಹೋದಾಗ ಕಂಡಿತು: ಔಟ್‌ಪುಟ್‌ನ ಕಪ್ಪು ತಂತಿಯನ್ನು ಬ್ರಿಡ್ಜ್‌ನ ಮೈನಸ್ ಕಾಲಿಗೇ ಬೆಸೆದಿದ್ದೆ. ಆ ಕಾಲಿನಿಂದ ಮೊದಲ ಕೆಪಾಸಿಟರ್‌ಗೆ ಹತ್ತು ಸೆಂಟಿಮೀಟರ್ ತಂತಿಯಿತ್ತು. ಎರಡೂ ಗ್ರೌಂಡೇ, ಎರಡರ ನಡುವೆ ಮಲ್ಟಿಮೀಟರ್ ಸೊನ್ನೆ ಓಮ್ ತೋರಿಸುತ್ತದೆ, ಚಿತ್ರದಲ್ಲಿ ಎರಡೂ ಒಂದೇ ಗೆರೆ.

ಆದರೆ ತಂತಿಗೂ ತಡೆ ಇದೆ. 0.75 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಹತ್ತು ಸೆಂಟಿಮೀಟರ್‌ಗೆ ಸುಮಾರು 2.3 ಮಿಲಿಓಮ್. ಅರ್ಧ ಆಂಪಿಯರ್ ಲೋಡ್‌ನಲ್ಲೂ ಡಯೋಡ್ ತೆರೆಯುವ ಎರಡು ಮಿಲಿಸೆಕೆಂಡ್‌ಗಳಲ್ಲಿ ಅದರೊಳಗೆ ನುಗ್ಗುವ ಕರೆಂಟ್ ನಾಲ್ಕು ಆಂಪಿಯರ್ ಮುಟ್ಟಬಲ್ಲದು. ಗುಣಿಸಿದರೆ 9 ಮಿಲಿವೋಲ್ಟ್. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಟರ್ನ್‌ಟೇಬಲ್‌ನ ಸೂಜಿ ಕೂರುವ ಭಾಗ) ಕೊಡುವ ಸಿಗ್ನಲ್ ಸುಮಾರು 5 ಮಿಲಿವೋಲ್ಟ್. ಆ 9 ಮಿಲಿವೋಲ್ಟ್ ರೆಗ್ಯುಲೇಟರ್‌ನ ಹಿಂದೆ ನಿಂತು ತಡೆಯಲಾಗದ ದಾರಿಯಲ್ಲಿ, ಗ್ರೌಂಡ್‌ನಿಂದಲೇ ಒಳಬರುತ್ತಿತ್ತು. ಅದರ ಚಿಕ್ಕದೊಂದು ಅಂಶ ಸಿಗ್ನಲ್ ದಾರಿಗೆ ತಗುಲಿದರೂ ಸಾಕು. ಮೇಲಾಗಿ ಫೋನೋ ಪ್ರಿ-ಆಂಪ್, ಧ್ವನಿಮುದ್ರಿಕೆಯಲ್ಲಿ ತಗ್ಗಿಸಿ ಕೊರೆದ ಮಂದ್ರ ಸ್ವರಗಳನ್ನು ಮೇಲೆತ್ತಲೆಂದು 50 ಹರ್ಟ್ಜನ್ನು 1000 ಹರ್ಟ್ಜ್‌ಗಿಂತ 17 ಡೆಸಿಬೆಲ್, ಅಂದರೆ ಏಳು ಪಟ್ಟು ಹೆಚ್ಚು ವರ್ಧಿಸುತ್ತದೆ. 100 ಹರ್ಟ್ಜ್‌ಗೂ ಸ್ವಲ್ಪ ಕಡಿಮೆ ಅದೇ ಉಪಚಾರ.

ಆ ಕಪ್ಪು ತಂತಿಯನ್ನು ಕತ್ತರಿಸಿ, ರೆಗ್ಯುಲೇಟರ್‌ನ ಔಟ್‌ಪುಟ್ ಕೆಪಾಸಿಟರ್‌ನ ಮೈನಸ್ ಕಾಲಿಗೆ ಬೆಸೆದೆ. ಮತ್ತೆ ಆನ್ ಮಾಡಿದಾಗ ಉಪಕರಣ ಆನ್ ಆಗಿದೆಯೋ ಇಲ್ಲವೋ ಎಂದು ಎದ್ದು ಹೋಗಿ ದೀಪ ನೋಡಬೇಕಾಯಿತು.

ನಿಯಮ ಹೀಗೆ: ಬ್ರಿಡ್ಜ್‌ನ ಮೈನಸ್ ಮೊದಲ ಕೆಪಾಸಿಟರ್‌ಗೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ರೆಗ್ಯುಲೇಟರ್‌ನ 33 ಓಮ್ ರೆಸಿಸ್ಟರ್ ಕಾಲಿಗೆ ಮತ್ತು ಔಟ್‌ಪುಟ್ ಕೆಪಾಸಿಟರ್‌ಗೆ, ಕೊನೆಗೆ ಔಟ್‌ಪುಟ್‌ಗೆ. ಕರೆಂಟ್ ಹರಿಯುವ ಕ್ರಮದಲ್ಲೇ ತಂತಿಯೂ ಹರಿಯಬೇಕು, ಹಿಂದಿನ ನಿಲ್ದಾಣಕ್ಕೆ ಮರಳಬಾರದು. ಟ್ರಾನ್ಸ್‌ಫಾರ್ಮರ್‌ನಿಂದ ಬ್ರಿಡ್ಜ್‌ಗೆ, ಬ್ರಿಡ್ಜ್‌ನಿಂದ ಕೆಪಾಸಿಟರ್‌ಗೆ ಹೋಗುವ ಜೋಡಿ ತಂತಿಗಳನ್ನು ಚಿಕ್ಕದಾಗಿಟ್ಟು ಬಿಗಿಯಾಗಿ ಹೊಸೆಯಬೇಕು.

ಮೊದಲ ಸಲ ಆನ್ ಮಾಡುವುದು ಹೇಗೆ?

ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡ್ ಮೂಲಕ. 40 ಅಥವಾ 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಫೇಸ್‌ನಲ್ಲಿ ಸರಣಿಯಾಗಿರಬೇಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಮಿನುಗಿ ಆರಿದರೆ ಎಲ್ಲವೂ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ, ಆದರೆ ಏನೂ ಸುಡುವುದಿಲ್ಲ. ನಂತರ ಬಲ್ಬ್ ತೆಗೆದು, 22 ಓಮ್, 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರನ್ನು ಲೋಡ್ ಆಗಿ ಜೋಡಿಸಿ ಒಂದು ಗಂಟೆ ನಡೆಸಿ. ಅದು ಕೈಸುಡುವಷ್ಟು ಕಾಯುತ್ತದೆ, ಹಂಚಿನ ಚೂರಿನ ಮೇಲಿಡಿ. ಔಟ್‌ಪುಟ್ 12 ವೋಲ್ಟ್ ಬಿಟ್ಟು ಕದಲಬಾರದು. ಮೊದಲ ಕೆಪಾಸಿಟರ್ ಮೇಲೆ ಎಸಿ ಅಳೆದರೆ ಸುಮಾರು 0.3 ವೋಲ್ಟ್ ಬರಬೇಕು; ಔಟ್‌ಪುಟ್‌ನಲ್ಲಿ ಮಿಲಿವೋಲ್ಟ್ ಶ್ರೇಣಿಯಲ್ಲೂ ಏನೂ ಕಾಣಬಾರದು. ಎಸಿ ಶ್ರೇಣಿ 200 ವೋಲ್ಟ್‌ನಿಂದಲೇ ಶುರುವಾಗುವ ಅಗ್ಗದ ಹಳದಿ ಮಲ್ಟಿಮೀಟರ್‌ನಿಂದ ಈ ಅಳತೆ ಆಗದು. ಉಪಕರಣಕ್ಕೆ ಚುಚ್ಚುವ ಮೊದಲು ಜಾಕ್‌ನ ನಡುವಿನ ಪಿನ್ ಪ್ಲಸ್ ಹೌದೇ ಎಂದು ಎರಡು ಬಾರಿ ನೋಡಿ.

ಇನ್ನೂ ಹೆಚ್ಚು ಖರ್ಚು ಮಾಡಿದರೆ ಇನ್ನೂ ಚೆನ್ನಾಗುತ್ತದೆಯೇ?

ಡ್ಯಾಕ್‌ನ ಗಡಿಯಾರ ಸರ್ಕ್ಯೂಟ್‌ನಂಥ ಸೂಕ್ಷ್ಮ ಜಾಗಗಳಿಗೆ ಎಲ್‌ಟಿ3045 ಎಂಬ ರೆಗ್ಯುಲೇಟರ್ ಇದೆ. ಅದರ ಗದ್ದಲ 0.8 ಮೈಕ್ರೋವೋಲ್ಟ್ ಮಾತ್ರ. ಅಡ್ಜಸ್ಟ್ ಕಾಲಿನ ಕೆಪಾಸಿಟರ್ ಇಲ್ಲದ ಎಲ್‌ಎಂ317 12 ವೋಲ್ಟ್‌ನಲ್ಲಿ ಸುಮಾರು 360 ಮೈಕ್ರೋವೋಲ್ಟ್. ಆದರೆ ಈ ಲಾಭ ಸಿಗುವುದು ಅದನ್ನು ಸರ್ಕ್ಯೂಟ್‌ನ ಪಕ್ಕದಲ್ಲೇ ಕೂರಿಸಿದಾಗ. ಒಂದು ಮೀಟರ್ ತಂತಿಯ ಆಚೆ ಕೂರಿಸಿದರೆ ತಂತಿ ಹಿಡಿಯುವ ಗದ್ದಲವೇ ಅದನ್ನು ಮೀರುತ್ತದೆ. ಸಾವಿರಾರು ರೂಪಾಯಿಯ ಪವರ್ ಕಾರ್ಡ್‌ಗಳನ್ನು ಕೊಳ್ಳಬೇಡಿ. ಆ ಹಣವನ್ನು ಮನೆಯ ಅರ್ತಿಂಗ್‌ಗೆ ಹಾಕಿ.

ಇದೇ ರೀತಿ ಸ್ಪೀಕರ್ ಓಡಿಸುವ ದೊಡ್ಡ ಆಂಪ್ಲಿಫೈಯರ್‌ಗೂ ಕಟ್ಟಬಹುದೇ?

ಅಲ್ಲಿ ಸಾಮಾನ್ಯವಾಗಿ ರೆಗ್ಯುಲೇಟರ್ ಇರುವುದಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ದೊಡ್ಡ ಕೆಪಾಸಿಟರ್‌ಗಳಷ್ಟೇ, ಪ್ಲಸ್ ಮತ್ತು ಮೈನಸ್ ಎರಡು ಬದಿಯಲ್ಲಿ. ಗ್ರೌಂಡ್‌ನ ನಿಯಮ ಅದೇ, ಆದರೆ ಕರೆಂಟ್‌ಗಳು ಹತ್ತು ಪಟ್ಟು. ವಾಲ್ವ್ ಆಂಪ್ಲಿಫೈಯರ್‌ನ 300 ವೋಲ್ಟ್ ಡಿಸಿ ಸಪ್ಲೈಯನ್ನು ಮೊದಲ ಕೆಲಸವಾಗಿ ಯಾರೂ ಎತ್ತಿಕೊಳ್ಳಬಾರದು.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ, ಒಂದೇ ಮಧ್ಯಾಹ್ನದಲ್ಲಿ. ಚೆನ್ನೈನಲ್ಲಿರುವವರಿಗೆ ರಿಚಿ ಸ್ಟ್ರೀಟ್, ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ. ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಎತ್ತಿ ನೋಡಿ ಕೊಳ್ಳಿ. 2 ಆಂಪಿಯರ್ ಎಂಬ ಚೀಟಿ ಅಂಟಿಸಿದ್ದು 1 ಆಂಪಿಯರ್‌ನದರಷ್ಟೇ ಹಗುರವಾಗಿದ್ದರೆ ಚೀಟಿಯನ್ನಲ್ಲ, ತೂಕವನ್ನು ನಂಬಿ. 4700 ಮೈಕ್ರೋಫ್ಯಾರಡ್, 35 ವೋಲ್ಟ್ ಎಂದಿರುವ ಕೆಪಾಸಿಟರ್ ಕಿರುಬೆರಳಿನಷ್ಟಿದ್ದರೂ ಹಾಗೆಯೇ ಅನುಮಾನಿಸಬೇಕು.

ನಾನು ವಿದೇಶದಲ್ಲಿದ್ದೇನೆ. ಏನು ಬದಲಾಗುತ್ತದೆ?

ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಊರಿನಿಂದ ಒಯ್ದ 230 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಲ್ಲಿ ಅರ್ಧ ವೋಲ್ಟೇಜ್ ಮಾತ್ರ ಕೊಡುವುದರಿಂದ ಅಲ್ಲಿಯದನ್ನೇ ಕೊಳ್ಳಬೇಕು, ಫ್ಯೂಸ್ 500 ಮಿಲಿಆಂಪಿಯರ್ ಆಗುತ್ತದೆ. ರಿಪ್ಪಲ್ 120 ಹರ್ಟ್ಜ್ ಆಗಿ ಸ್ವಲ್ಪ ಕಡಿಮೆಯೂ ಆಗುತ್ತದೆ. ಬ್ರಿಟನ್‌ನಲ್ಲಿ ಇಲ್ಲಿನ ಲೆಕ್ಕಗಳೇ ನಡೆಯುತ್ತವೆ. ಪ್ಲಗ್‌ನೊಳಗಿನ ಫ್ಯೂಸ್ 3 ಆಂಪಿಯರ್‌ನದಿರಲಿ.

ಸ್ಪೀಕರ್ ಮೌನವಾಗಿದೆ, ಆದರೆ ಟ್ರಾನ್ಸ್‌ಫಾರ್ಮರ್ ತಾನೇ ಗುಂಯ್‌ಗುಡುತ್ತದೆ. ಏನು ಮಾಡಲಿ?

ಅದು ಯಾಂತ್ರಿಕ ಶಬ್ದ. ಚೌಕಾಕಾರದ್ದಾದರೆ ಪಟ್ಟಿಗಳನ್ನು ಹಿಡಿದಿರುವ ಬೋಲ್ಟ್‌ಗಳನ್ನು ಬಿಗಿ ಮಾಡಿ, ಕೆಳಗೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಇಟ್ಟು ಕೂರಿಸಿ. ಅರ್ತ್ ತಂತಿ ಮಾತ್ರ ರಬ್ಬರನ್ನು ದಾಟಿ ಲೋಹಕ್ಕೆ ತಲುಪಿರಬೇಕು. ಟೊರಾಯ್ಡಲ್ ಆಗಿದ್ದು ಕೆಲವು ಹೊತ್ತು ಮಾತ್ರ ಗುಂಯ್‌ಗುಟ್ಟಿದರೆ, ಮನೆಯಲ್ಲಿ ಆ ಹೊತ್ತಿಗೆ ಏನು ಆನ್ ಆಗಿತ್ತು ಎಂದು ಬರೆದಿಟ್ಟುಕೊಳ್ಳಿ. ಅರ್ಧ ಅಲೆಯನ್ನು ಮಾತ್ರ ಬಳಸುವ ಕೆಲವು ಹೇರ್ ಡ್ರೈಯರ್, ಹೀಟರ್‌ಗಳು ಕರೆಂಟ್‌ನಲ್ಲಿ ಚೂರು ಡಿಸಿ ಬೆರೆಸುತ್ತವೆ; ಟೊರಾಯ್ಡಲ್‌ನ ಉಂಗುರ ಅದನ್ನು ಸಹಿಸುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಶುರುವಾಗಿ ಎಂಟಕ್ಕೆ ನಿಲ್ಲುವ ಗುಂಯ್‌ಗೆ ಸಪ್ಲೈ ಬಿಚ್ಚುವ ಅಗತ್ಯವಿಲ್ಲ.